ಇಟಲಿಯ ಗುಡ್ಡದಲ್ಲಿ ಒಂದು ಗಂಟಿನ ರಾಶಿ

ಇಟಲಿ ಹೇಗಿತ್ತು ಎಂದು ಹಾವೇರಿಯಲ್ಲಿ ಕೇಳದವರಿಲ್ಲ. ಚಳಿ ಇತ್ತು ಎನ್ನುತ್ತೇನೆ. ಕೇಳಿದವರಿಗೆ ಅಷ್ಟು ಸಾಕಾಗುವುದಿಲ್ಲ. ಗೋಪುರ ನೋಡಿದಿರಾ, ದೋಣಿ ಹತ್ತಿದಿರಾ ಎನ್ನುತ್ತಾರೆ. ಎರಡೂ ಇಲ್ಲ. ನಾನು ನೋಡಿದ್ದು ಒಂದು ಗುಡ್ಡ, ಒಂದು ಕಟ್ಟಿಗೆಯ ರಾಶಿ, ಮತ್ತು ನೀಲಿ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬಳು ಹೊಗೆಯೊಳಗೆ ನಡೆದುಹೋದದ್ದು. ಈ ಮೂರನೆಯದು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಈಗಲೂ ಕಣ್ಣೆದುರು ಬಂದು ನಿಲ್ಲುತ್ತದೆ. ಬರೆಯುವುದನ್ನು ನಿಲ್ಲಿಸುತ್ತೇನೆ. ಪಾಠ ಮುಗಿಯಿತೆಂದು ತಿಳಿದು ವಿದ್ಯಾರ್ಥಿಗಳು ಪುಸ್ತಕ ಮುಚ್ಚುತ್ತಾರೆ.

ಹೋದದ್ದು ಹೀಗೆ. ಮರ ಬೆಳೆಯುವ ಸಣ್ಣ ರೈತರು ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ನೋಡಿ ಬರಲಿ ಎಂದು ಒಂದು ಏರ್ಪಾಡು ಇತ್ತು. ನಮ್ಮ ಕಡೆಯಿಂದ ಮೇಡ್ಲೇರಿಯ ಹನುಮಂತಗೌಡ್ರು ಆಯ್ಕೆಯಾದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಬ್ಯಾಡಗಿಯವಳು, ಹಾವೇರಿಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಇಂಗ್ಲಿಷೂ ಅಷ್ಟಿಷ್ಟು, ಕಣಜಗಳೂ ಅಷ್ಟಿಷ್ಟು ಗೊತ್ತು. ಹಾಗಾಗಿ ನಾನೂ ಹೋದೆ. ರಾಣೆಬೆನ್ನೂರಿನ ಸ್ಟೇಶನ್ನಿನಲ್ಲಿ ಗೌಡ್ರ ಹೆಂಡತಿ ಗಿರಿಜವ್ವ ಗಂಡನನ್ನು ನನಗೆ ಒಪ್ಪಿಸಿದರು.

"ಅಕ್ಕಾರ, ಇವರು ಸುಮ್ನ ಕುಂದ್ರೂ ಮನಶಾ ಅಲ್ರಿ. ಕೈಗೆ ಏನಾರ ಕೆಲಸ ಕೊಟ್ಟಿರ್ರಿ. ಇಲ್ಲಾಂದ್ರ ತಾವಾ ಹುಡುಕ್ಕೊಂತಾರ."

ನಾನು ನಕ್ಕೆ. ಗಿರಿಜವ್ವ ನಗಲಿಲ್ಲ.

ಗೌಡ್ರದು ಹೊಳೆಯ ಕಡೆ ಬತ್ತ, ಮೇಲಿನ ಕಲ್ಲುಭೂಮಿಯಲ್ಲಿ ನೀಲಗಿರಿ. ಕಡಿದ ನೀಲಗಿರಿ ಲಾರಿ ಹತ್ತಿ ಕುಮಾರಪಟ್ಟಣದ ಕಾರ್ಖಾನೆಯ ದಾರಿ ಹಿಡಿಯುತ್ತದೆ. ಕೆಲವು ವರ್ಷಗಳ ಹಿಂದೆ ಆ ಗಿಡಗಳ ಎಳೆಯ ಎಲೆ, ತೊಟ್ಟುಗಳ ಮೇಲೆಲ್ಲ ಗಂಟು ಎದ್ದವು. ಒಂದೊಂದು ಗಂಟಿನೊಳಗೂ ಸಾಸಿವೆ ಕಾಳಿಗಿಂತ ಸಣ್ಣ ಕಣಜದ ಮರಿ. ಗೌಡ್ರು ಗಂಟಿದ್ದ ಟೊಂಗೆಗಳನ್ನು ಕಡಿದು ರಾಶಿ ಹಾಕಿ ಸುಟ್ಟರು. ಆಮೇಲೆ ಗಂಟು ಕಡಿಮೆಯಾದವು. ಸುಟ್ಟಿದ್ದಕ್ಕೇ ಹೋದವು ಎಂಬುದು ಅವರ ವಾದ. ಆ ಮರಿಯನ್ನು ತಿನ್ನುವ ಇನ್ನೊಂದು ಕಣಜ ಬಂದದ್ದರಿಂದ ಹೋದವು ಎಂಬುದು ನನ್ನ ವಾದ. ಇದು ರೈಲಿನಲ್ಲಿ ಶುರುವಾಗಿ ಸಮುದ್ರದ ಮೇಲೂ ನಡೆಯಿತು.

"ಹುಳಾನ ಹುಳ ತಿಂತೈತಿ ಅನ್ನೂದು ಖರೇರಿ," ಎಂದರು ಗೌಡ್ರು, ವಿಮಾನದ ಕಿಟಕಿಯಿಂದ ಮೋಡ ನೋಡುತ್ತ. "ಆದ್ರ ಹುಳದ ಮ್ಯಾಲೆ ಭರೋಸಾ ಇಟ್ಟು ಒಕ್ಕಲುತನ ಮಾಡಾಕ ಆಗೂದಿಲ್ರಿ. ಬೆಂಕಿ ಮ್ಯಾಲೆ ಇಡಬೌದು."

ವಿಮಾನ ನಿಲ್ದಾಣ

ಇಟಲಿಯ ನೆಲದ ಮೇಲೆ ನಮ್ಮನ್ನು ಮೊದಲು ಮಾತಾಡಿಸಿದವನು ಚೀಲ ತಪಾಸಣೆಯ ಅಧಿಕಾರಿ. ಗೌಡ್ರ ಚೀಲ ತೆರೆದ. ಮೇಲೆ ಕರಿಯ ಕಂಬಳಿ, ಅದರ ಕೆಳಗೆ ಕಟಕರೊಟ್ಟಿ. ಒಂದು ರೊಟ್ಟಿ ಎತ್ತಿ ಬೆರಳಿನಿಂದ ಬಡಿದು ನೋಡಿದ. ಹಲಗೆಯ ಸದ್ದು ಬಂತು. ತಿನ್ನುವುದು ಎಂದೆ. ಇನ್ನೊಮ್ಮೆ ಬಡಿದ. ಆಮೇಲೆ ನನ್ನ ಚೀಲದ ಖಾರಪುಡಿಯ ಪೊಟ್ಟಣ ಬಿಚ್ಚಿ ಮೂಗಿನ ಹತ್ತಿರ ಹಿಡಿದ. ಬ್ಯಾಡಗಿಯಲ್ಲಿ ಹುಟ್ಟಿದವರು ಖಾರಕ್ಕೆ ಸೀನುವುದಿಲ್ಲ. ಅವನು ಅಲ್ಲಿ ಹುಟ್ಟಿದವನಲ್ಲ. ಕಣ್ಣೊರೆಸಿಕೊಂಡು ಖಾರಪುಡಿ ಬಿಟ್ಟ, ರೊಟ್ಟಿ ಬಿಟ್ಟ, ಬಾಳಕದ ಮೆಣಸಿನಕಾಯಿಯನ್ನು ಮಾತ್ರ ಇಟ್ಟುಕೊಂಡ. ಮೊಸರು ಹಚ್ಚಿದ್ದರಿಂದ ಅದು ಹಾಲಿನ ಪದಾರ್ಥವಂತೆ, ಒಳಗೆ ಬಿಡುವಂತಿಲ್ಲವಂತೆ.

"ಊಟಕ್ಕ ಇಟ್ಟುಕೊಂಡಾನ ಬಿಡ್ರಿ," ಎಂದರು ಗೌಡ್ರು. "ಚಲೋ ಮನಶಾ."

ಲುಚಿಯಾಳ ಊರು

ರೈಲು, ಬಸ್ಸು, ಕಾರು ದಾಟಿ ಗುಡ್ಡದ ಮೇಲಿನ ಊರು ಮುಟ್ಟಿದೆವು. ಕಲ್ಲಿನ ಗೋಡೆ, ಕಲ್ಲುಚಪ್ಪಡಿಯದೇ ಮಾಳಿಗೆ. ನಮ್ಮ ಮನೆಯೊಡತಿ ಲುಚಿಯಾ ಐವತ್ತು ದಾಟಿದ ವಿಧವೆ. ಹೋಟೆಲಿನಲ್ಲಿ ಕೆಲಸ ಮಾಡಿದ್ದರಿಂದ ಇಂಗ್ಲಿಷ್ ಬರುತ್ತದೆ. ಜೊತೆಗೆ ಮೈದುನ ಪಿಯೆರೊ. ಅವನಿಗೆ ಇಂಗ್ಲಿಷೂ ಬರುವುದಿಲ್ಲ, ಸುಮ್ಮನಿರಲೂ ಬರುವುದಿಲ್ಲ. ಮನೆಯ ಹಿಂದಿನ ಇಳಿಜಾರಿನಲ್ಲಿ ಚೆಸ್ಟ್‌ನಟ್ ಮರಗಳು, ಇಬ್ಬರು ಕೈ ಚಾಚಿದರೂ ಅಪ್ಪಲಾಗದ ದಪ್ಪ. ಆ ಕಾಯಿಯನ್ನು ಒಣಗಿಸಿ ಬೀಸಿ ಹಿಟ್ಟು ಮಾಡುತ್ತಾರೆ. ಅವರ ಹಿರಿಯರಿಗೆ ಅದೇ ರೊಟ್ಟಿ, ಅದೇ ಗಂಜಿ. ನಮ್ಮ ಜೋಳ ಹೊಲದಲ್ಲಿ ಬೆಳೆಯುತ್ತದೆ, ಅವರದು ಮರದ ಮೇಲೆ.

ಲುಚಿಯಾ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಗೌಡ್ರ ಕಡೆ ತಿರುಗಿದಳು. ಗೌಡ್ರು ಮೂರು ಹೆಜ್ಜೆ ಹಿಂದೆ ನಿಂತು ಕೈ ಮುಗಿದುಬಿಟ್ಟಿದ್ದರು. ಆಮೇಲೆ ಪಿಯೆರೊ ಬಂದ. ಆ ಊರಿನಲ್ಲಿ ಗಂಡಸರೂ ಮುತ್ತು ಕೊಡುತ್ತಾರೆ. ಗೌಡ್ರು ಇನ್ನೂ ಹಿಂದೆ ಸರಿಯಲು ನೋಡಿದರು, ಅಲ್ಲಿ ಗೋಡೆ ಇತ್ತು.

ರಾತ್ರಿಯ ಊಟಕ್ಕೆ ಹಳದಿ ಮುದ್ದೆಯೊಂದನ್ನು ಹಲಗೆಯ ಮೇಲೆ ಸುರಿದು ದಾರದಿಂದ ಕೊಯ್ದು ಕೊಟ್ಟರು. ಗೌಡ್ರು ಮೂಸಿ ನೋಡಿದರು. "ಇದು ನಮ್ಮ ಗೋವಿನಜ್ವಾಳದ ಸಂಗಟಿ ಆತಲ್ರಿ. ಇದನ್ನ ತಿನ್ನಾಕ ಇಷ್ಟು ದೂರ ಬರಬೇಕಾತೇನ್ರಿ?" ಎಂದು ಖಾರಪುಡಿ ಉದುರಿಸಿಕೊಂಡರು. ಪಿಯೆರೊ ತನಗೂ ಬೇಕೆಂದ. ತಿಂದ. ಕಿವಿಯವರೆಗೂ ಕೆಂಪಾದ. ಬಹಳ ಚೆನ್ನಾಗಿದೆ ಎಂದು ಕೈಯಲ್ಲೇ ಹೇಳಿದ, ಬಾಯಲ್ಲಿ ಹೇಳುವ ಸ್ಥಿತಿ ಇರಲಿಲ್ಲ.

ಎರಡನೆಯ ದಿನ

ಬೆಳಿಗ್ಗೆ ಮನೆಯ ಮುಂದಿನ ಓಕ್ ಮರದ ಕೆಳಗೆ ಗೌಡ್ರು ಗುಂಡನೆಯ ಕಂದು ಕಾಯಿಯೊಂದನ್ನು ಎತ್ತಿಕೊಂಡರು. "ಅಕ್ಕಾರ, ಇದು ಮಾಚಿಕಾಯಿ ಹಂಗ ಕಾಣತೈತಲ್ರಿ."

"ಅದರ ಜಾತಿದಾ ರೀ."

"ಕೂಸಿಗೆ ಬಜಿ ಜೋಡಿ ತೇಯ್ದು ನೆಕ್ಕಸ್ತೀವಲ್ರಿ, ಅದರ ಗಿಡ ಇದೇನ್ರಿ?"

"ಗಿಡ ಇಂಥಾದ್ದಾ. ಆದ್ರ ಅದು ಕಾಯಿ ಅಲ್ರಿ. ಕಣಜ ತತ್ತಿ ಇಟ್ಟಲ್ಲಿ ಗಿಡಾನ ಗಂಟು ಕಟ್ಟತೈತಿ. ಒಳಗ ಮರಿ ಬೆಳೀತೈತಿ."

ಗೌಡ್ರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಹುಳು ಹೊರಬಿದ್ದ ತೂತು ಕಾಣಿಸಿತು. "ಅಂದ್ರ ನಮ್ಮವ್ವ ನನಗ ಹುಳದ ಮನಿ ನೆಕ್ಕಿಸ್ಯಾಳ."

"ಎಲ್ಲಾರಿಗೂ ನೆಕ್ಕಿಸ್ಯಾರ ರೀ."

"ನೀವು ಪ್ರೊಫೆಸರ್ ಆಗೀರಿ, ನನಗ ಹತ್ತಲಿಲ್ಲ," ಎಂದು ಅದನ್ನು ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಪಿಯೆರೊ ಬಂದು ಗೌಡ್ರ ತೋಳು ಹಿಡಿದು ಟ್ರ್ಯಾಕ್ಟರ್ ತೋರಿಸಲು ಎಳೆದುಕೊಂಡು ಹೋದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ. ಮಧ್ಯಾಹ್ನದವರೆಗೂ ಮಾತಾಡಿದರು. ನಾನು ಹೋಗಿ ನೋಡಿದಾಗ ಟ್ರ್ಯಾಕ್ಟರಿನ ಕೆಳಗಿಂದ ನಾಲ್ಕು ಕಾಲು ಹೊರಗೆ ಕಾಣುತ್ತಿದ್ದವು, ಒಳಗಿಂದ ಕನ್ನಡ ಮತ್ತು ಇಟಾಲಿಯನ್ ಒಟ್ಟಿಗೇ ಕೇಳಿಸುತ್ತಿತ್ತು.

ಲುಚಿಯಾ ನನ್ನನ್ನು ತೋಟದ ಅಂಚಿಗೆ ಕರೆದುಕೊಂಡು ಹೋದಳು. ಅಲ್ಲಿ ಸವರಿದ ಟೊಂಗೆಗಳ ರಾಶಿ ಇತ್ತು, ಎತ್ತಿನ ಬಂಡಿಯಷ್ಟು ದೊಡ್ಡದು. ಟೊಂಗೆಗಳ ತುದಿಯಲ್ಲೆಲ್ಲ ಚಿಗುರು ಇರಬೇಕಾದ ಜಾಗದಲ್ಲಿ ಒಣಗಿ ಕಪ್ಪಾದ ಗಂಟುಗಳು.

ಆಕೆ ಹೇಳಿದ್ದನ್ನೂ ನನಗೆ ಗೊತ್ತಿದ್ದದ್ದನ್ನೂ ಸೇರಿಸಿ ಹೇಳುತ್ತೇನೆ. ಚೆಸ್ಟ್‌ನಟ್ ಮರದ ಗಂಟುಕಣಜ ಚೀನಾದಿಂದ ಸಸಿಗಳ ಮೊಗ್ಗಿನೊಳಗೆ ಅಡಗಿ ಬಂದದ್ದು. ಎಲ್ಲವೂ ಹೆಣ್ಣೇ, ಗಂಡಿನ ಅಗತ್ಯವಿಲ್ಲ. ಬೇಸಿಗೆಯಲ್ಲಿ ಮೊಗ್ಗಿನಲ್ಲಿ ತತ್ತಿ ಇಡುತ್ತದೆ. ಮುಂದಿನ ವಸಂತದಲ್ಲಿ ಮೊಗ್ಗು ಚಿಗುರಾಗುವುದನ್ನು ಬಿಟ್ಟು ಗಂಟಾಗುತ್ತದೆ. ಮರವೇ ತನ್ನ ಕೈಯಾರೆ ಹುಳುವಿಗೆ ಮನೆ ಕಟ್ಟಿ, ಊಟ ಬಡಿಸಿ, ಕಾಯಿ ಕೊಡುವುದನ್ನು ನಿಲ್ಲಿಸುತ್ತದೆ. ಓಕ್ ಮರಗಳಲ್ಲೂ ಗಂಟುಕಣಜಗಳಿವೆ, ಆದರೆ ಅಲ್ಲಿ ಅವುಗಳನ್ನು ತಿನ್ನುವ ಕಣಜಗಳೂ ಅನಾದಿಯಿಂದ ಇವೆ. ಒಬ್ಬರು ಗಂಟಿನ ಗೋಡೆ ದಪ್ಪ ಮಾಡಿದರೆ ಇನ್ನೊಬ್ಬರು ತತ್ತಿ ಇಡುವ ಸೂಜಿ ಉದ್ದ ಮಾಡುತ್ತಾರೆ. ಸೂಜಿ ಉದ್ದವಾದರೆ ಗಂಟು ಮೈಮೇಲೆ ಅಂಟು ಸುರಿಸುತ್ತದೆ. ನಮ್ಮ ಓಣಿಯಲ್ಲಿ ಎರಡು ಮನೆಯವರು ಕಂಪೌಂಡ್ ಏರಿಸುತ್ತ ಹೋದ ಹಾಗೆ, ಲಕ್ಷಾಂತರ ವರ್ಷ. ಚೆಸ್ಟ್‌ನಟ್ಟಿನ ಕಣಜ ಬರುವಾಗ ತನ್ನ ಪಕ್ಕದ ಮನೆಯವರನ್ನು ಕರೆತಂದಿರಲಿಲ್ಲ. ಓಕ್ ಮರದ ಕೆಲವು ಕಣಜಗಳು ಇತ್ತ ತಿರುಗಿ ನೋಡಿದವು, ಆದರೆ ಕೈಲಾಗಲಿಲ್ಲ. ಕೊನೆಗೆ ಚೀನಾದಲ್ಲೇ ಇದನ್ನು ತಿನ್ನುತ್ತಿದ್ದ ಹಸಿರು ಕಣಜವನ್ನು ತಂದು ಬಿಟ್ಟರು. ಅದಕ್ಕೆ ಮೈಗಿಂತ ಉದ್ದದ ಸೂಜಿ. ನಾನು ಅದನ್ನು ಸೂಜಿಕಣಜ ಎಂದು ಕರೆಯುತ್ತೇನೆ. ಕೆಲವು ವರ್ಷಗಳಲ್ಲಿ ಮರಗಳು ಮತ್ತೆ ಕಾಯಿ ಬಿಟ್ಟವು.

"ಹೋದ ವಸಂತದಲ್ಲಿ ತಡವಾಗಿ ಹಿಮ ಬಿತ್ತು," ಎಂದಳು ಲುಚಿಯಾ. "ಆಗಷ್ಟೇ ಹೊರಬಂದ ಹಸಿರು ಕಣಜಗಳು ಕಣಿವೆಯಲ್ಲೆಲ್ಲ ಸತ್ತವು. ಗಂಟು ಮತ್ತೆ ಹೆಚ್ಚಿದವು. ಈ ಮೂಲೆಯ ಮರಗಳಿಗೆ ಬಂಡೆಯ ಮರೆ ಇದೆ, ಇಲ್ಲಿ ಉಳಿದವು. ಈ ಟೊಂಗೆಗಳನ್ನು ಅದಕ್ಕೇ ಕೂಡಿಟ್ಟಿದ್ದೇನೆ. ಒಣಗಿದ ಗಂಟಿನೊಳಗೆ ಹಸಿರು ಕಣಜದ ಮರಿಗಳು ಚಳಿಗಾಲವೆಲ್ಲ ಮಲಗಿರುತ್ತವೆ. ಏಪ್ರಿಲ್‌ನಲ್ಲಿ ಏಳುತ್ತವೆ. ಕೆಳಗಿನ ತೋಟದವರೂ ಒಂದೊಂದು ಕಟ್ಟು ಕೇಳಿದ್ದಾರೆ. ಇವು ಏಳದಿದ್ದರೆ ನನ್ನ ಮರಗಳು ಇನ್ನೊಂದು ವರ್ಷ ತಡೆಯುವುದಿಲ್ಲ. ಎರಡು ಆಗಲೇ ಒಣಗಿವೆ."

ಆಕೆ ಒಂದು ಟೊಂಗೆ ಎತ್ತಿ ಕಿವಿಯ ಹತ್ತಿರ ಹಿಡಿದಳು. ಏನೂ ಕೇಳಿಸುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನನಗೂ ಕೊಟ್ಟಳು. ನಾನೂ ಕಿವಿಗೆ ಹಿಡಿದೆ.

ಆ ಸಂಜೆ ದೇಶ ಬದಲಾದ ನಿದ್ದೆ ನನ್ನನ್ನು ಊಟಕ್ಕೂ ಮೊದಲೇ ಕೆಡವಿತು. ಗೌಡ್ರು ಮೈಯೆಲ್ಲ ಗ್ರೀಸ್ ಮಾಡಿಕೊಂಡು ಬಂದದ್ದು ನನಗೆ ಗೊತ್ತಾಗಲಿಲ್ಲ, ರಾಶಿಯ ವಿಷಯ ಅವರಿಗೆ ಹೇಳಲೂ ಇಲ್ಲ.

ಮೂರನೆಯ ಬೆಳಿಗ್ಗೆ

ಗಾಳಿ ಬೆಚ್ಚಗಿತ್ತು. ಮಾರ್ಚ್‌ನ ಚಳಿಯಲ್ಲಿ ಇದೊಂದು ಸುಖ ಎಂದುಕೊಂಡೆ. ಹಿಮದ ಗುಡ್ಡ ಇಳಿದು ಬರುವ ಒಣಗಾಳಿ ಅದು, ಬೀಸಿದ ದಿನ ಆ ಊರಲ್ಲಿ ಯಾರೂ ಕಡ್ಡಿ ಗೀರುವುದಿಲ್ಲ ಎಂದು ತಿಳಿದದ್ದು ಆಮೇಲೆ. ಹಿಂದಿನ ದಿನ ಎದುರು ಗುಡ್ಡದಲ್ಲೆಲ್ಲ ಹೊಗೆ ಎದ್ದಿತ್ತು. ದ್ರಾಕ್ಷಿ, ಸೇಬುಗಳ ಸವರಿದ ಕಡ್ಡಿ ಸುಡುವ ಕಾಲ. ಗೌಡ್ರು ಆ ಹೊಗೆಗಳನ್ನು ನೋಡಿದ್ದರು. ಗಂಟು ತುಂಬಿದ ಟೊಂಗೆಗಳ ರಾಶಿಯನ್ನೂ ನೋಡಿದ್ದರು.

ಲುಚಿಯಾ ಅಡುಗೆಮನೆಯಲ್ಲಿ ಕಾಫಿ ಸುರಿಯುತ್ತಿದ್ದಳು. ಕಿಟಕಿಯತ್ತ ನೋಡಿದಳು. ಕಾಫಿ ಸುರಿಯುತ್ತಲೇ ಇತ್ತು, ಕಪ್ಪು ತುಂಬಿ ಮೇಜಿನ ಮೇಲೆ ಹರಿಯಿತು. ಪಾತ್ರೆಯನ್ನು ಇಡದೆಯೇ ಓಡಿದಳು. ಅದು ಅಂಗಳದಲ್ಲಿ ಬಿದ್ದಿತ್ತು, ಹಿಂದೆ ಓಡುವಾಗ ನಾನು ಎತ್ತಿಕೊಂಡೆ.

ರಾಶಿಯ ಒಂದು ಮಗ್ಗುಲು ಚೆನ್ನಾಗಿ ಹತ್ತಿಕೊಂಡಿತ್ತು. ಗೌಡ್ರು ಕಂಬಳಿ ಹೊದ್ದು ಅದರ ಮುಂದೆ ಕೂತು ಕೈ ಕಾಯಿಸುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು.

"ಬರ್ರಿ ಅಕ್ಕಾರ, ಕಾಸಿಕೊಳ್ರಿ. ರೋಗದ ಕಟಗಿ ಎಲ್ಲಾ ಒಂದ ಕಡೆ ಕೂಡಿಸಿಟ್ಟಿದ್ರು, ಪಾಪ, ಹಚ್ಚಾಕ ಪುರಸೊತ್ತು ಸಿಕ್ಕಿಲ್ಲ. ಎರಡು ದಿನದಿಂದ ಇವರ ಅನ್ನ ತಿನ್ನಾಕತ್ತೇನಿ, ಇಷ್ಟಾರ ಮಾಡೂಣಂತ ನಾನಾ ಹಚ್ಚಿದೆ."

ಲುಚಿಯಾ ಅವರನ್ನು ನೋಡಲಿಲ್ಲ. ನೇರ ರಾಶಿಯ ಇನ್ನೊಂದು ಮಗ್ಗುಲಿಗೆ ಹೋದಳು. ಇನ್ನೂ ಬೆಂಕಿ ಹತ್ತದ ಟೊಂಗೆಗಳನ್ನು ಎರಡು ಕೈಯಿಂದ ಬಾಚಿ ಎಳೆಯತೊಡಗಿದಳು. ಎಳೆದದ್ದನ್ನು ಹಿಂದಕ್ಕೆ ಎಸೆದು ಮತ್ತೆ ಬಾಗಿದಳು. ಆಗ ಗಾಳಿ ತಿರುಗಿತು. ಹೊಗೆ ಮಲಗಿತು. ನೀಲಿ ಸ್ವೆಟರ್ ಅದರೊಳಗೆ ಹೋಯಿತು.

ಇಲ್ಲಿ ನನ್ನ ನೆನಪು ನಿಧಾನವಾಗುತ್ತದೆ. ನಿಜದಲ್ಲಿ ಎಲ್ಲವೂ ಬಹಳ ಬೇಗ ನಡೆದಿರಬೇಕು. ನೆಲದ ತುಂಬ ವರ್ಷದ ಒಣ ಎಲೆ. ಬೆಂಕಿ ರಾಶಿಯಿಂದ ಇಳಿದು ಎಲೆಗಳ ಮೇಲೆ ತೆಳ್ಳಗೆ ಓಡಿತು, ಚೆಲ್ಲಿದ ನೀರು ಓಡುವಂತೆ. ಆದರೆ ಏರಿನ ಕಡೆಗೆ. ಲುಚಿಯಾ ನಿಂತ ಜಾಗವನ್ನು ಸುತ್ತಿಕೊಂಡು ಮುಂದೆ ಹೋಯಿತು. ನನ್ನ ಕೈಯಲ್ಲಿ ಕಾಫಿಯ ಪಾತ್ರೆ ಇತ್ತು. ಅದನ್ನು ಕೆಳಗಿಡಬೇಕೋ, ಎಸೆಯಬೇಕೋ, ಇದರಲ್ಲಿ ನೀರು ತರಬೇಕೋ ಎಂದು ಯೋಚಿಸಿದೆ. ಬಹಳ ಕ್ರಮವಾಗಿ ಯೋಚಿಸಿದೆ. ಕಾಲು ಕದಲಲಿಲ್ಲ.

"ಆ ಯವ್ವಗ ಏನಾಗೈತ್ರಿ? ಕಟಗಿ ಸಲುವಾಗಿ ಯಾಕ ಸಾಯಾಕತ್ತಾಳ?" ಗೌಡ್ರು ಕೂಗಿದರು.

"ಕಟಗಿ ಅಲ್ರೀ! ಗಂಟಿನಾಗ ಹುಳಾನ ತಿನ್ನೂ ಹುಳ ಅದಾವ! ಆಕಿ ಜ್ವಾಕ್ಯಾಗಿ ಇಟ್ಟಿದ್ದು!"

ಗೌಡ್ರ ಮುಖವನ್ನು ಆಗ ನೋಡಿದೆ. ಅದನ್ನು ಬರೆಯುವುದಿಲ್ಲ. ದನಕ್ಕೆ ನೀರಿಡುವ ಕಲ್ಲುಬಾನಿ ಪಕ್ಕದಲ್ಲೇ ಇತ್ತು. ಕಂಬಳಿಯನ್ನು ಅದರಲ್ಲಿ ಅದ್ದಿ, ತಲೆಯ ಮೇಲೆ ಎಳೆದುಕೊಂಡು ಅವರೂ ಹೊಗೆಯೊಳಗೆ ಹೋದರು. ಈಗ ಹೊರಗೆ ಉಳಿದವಳು ನಾನೊಬ್ಬಳೇ. ಒಳಗಿಂದ ಇಬ್ಬರ ಕೂಗು ಕೇಳುತ್ತಿತ್ತು. ಗೌಡ್ರದು "ಬಿಡ್ರೀ, ಬಿಡ್ರೀ" ಎಂದು. ಆಮೇಲೆ ಕೂಗು ನಿಂತಿತು. ನಿಂತದ್ದಕ್ಕೇ ಹೆಚ್ಚು ಭಯವಾಯಿತು.

ಗೌಡ್ರು ಹೊರಬಂದದ್ದು ಹಿಮ್ಮುಖವಾಗಿ. ಒಂದು ಕೈಯಲ್ಲಿ ಕಂಬಳಿಯೊಳಗೆ ಸುತ್ತಿದ ಲುಚಿಯಾ. ಇನ್ನೊಂದು ಕೈಯಲ್ಲಿ ಟೊಂಗೆಗಳ ಒಂದು ಹೊರೆ. ಆಕೆ ಅದನ್ನು ಬಿಡಲು ಒಪ್ಪಿರಲಿಲ್ಲವಂತೆ, ಹಾಗಾಗಿ ಎರಡನ್ನೂ ಎಳೆದು ತಂದರು. ಲುಚಿಯಾಳ ಮುಂದಲೆಯ ಕೂದಲು ಸುಟ್ಟು ಮುರುಟಿತ್ತು. ಗೌಡ್ರ ಅಂಗೈಗಳು ಬೊಬ್ಬೆ ಎದ್ದಿದ್ದವು. ಆಕೆಯನ್ನು ನನ್ನ ಮುಂದೆ ಕೂರಿಸಿ, ಅದೇ ಕಂಬಳಿಯನ್ನು ಮತ್ತೆ ನೀರಿಗದ್ದಿ ಎಲೆಯ ಬೆಂಕಿಯನ್ನು ಬಡಿಯುತ್ತ ಮೇಲಕ್ಕೆ ಹೋದರು. ಪಿಯೆರೊ ಓಡಿ ಬಂದ, ಹಿಂದೆ ಊರಿನವರು, ಬೆನ್ನಿಗೆ ನೀರಿನ ಡಬ್ಬ, ಕೈಯಲ್ಲಿ ಉದ್ದ ಹಿಡಿಯ ರಬ್ಬರಿನ ಬಡಿಗೆ. ಇಳಿಜಾರಿನ ನಡುವೆ ಹಾದುಹೋದ ಬಂಡಿದಾರಿಯ ಹತ್ತಿರ ಬೆಂಕಿ ನಿಂತಿತು. ಅದರಾಚೆ ಮೊದಲನೆಯ ದೊಡ್ಡ ಮರ.

ಬಂದವರಲ್ಲಿ ಒಬ್ಬ ಯಾರು ಹಚ್ಚಿದ್ದು ಎಂದು ಕೇಳಿದ. ಅಷ್ಟು ಇಟಾಲಿಯನ್ ನನಗೆ ಅರ್ಥವಾಯಿತು. ಲುಚಿಯಾ ಕೆಮ್ಮುತ್ತಲೇ ತನ್ನ ಎದೆ ಮುಟ್ಟಿ ತೋರಿಸಿದಳು.

ಮರುದಿನ

ಗೌಡ್ರ ಎರಡೂ ಕೈಗೆ ಬಿಳಿ ಪಟ್ಟಿ ಸುತ್ತಿದ್ದರು. ಊಟಕ್ಕೆ ಕರೆದರೆ ಒಲ್ಲೆ ಎಂದರು. ಕಲ್ಲುಬಾನಿಯ ಕಟ್ಟೆಯ ಮೇಲೆ ಮನೆಗೆ ಬೆನ್ನು ಮಾಡಿ ಕೂತಿದ್ದರು.

"ಊಟ ಮಾಡ್ರಿ ಗೌಡ್ರ."

"ಯಾವ ಮಾರಿ ಇಟಗೊಂಡು ಮಾಡ್ಲಿ? ಬಿತ್ತಾಕ ಇಟ್ಟ ಬೀಜ ಸುಟ್ಟಂಗಾತಲ್ರಿ ಇದು. ಮನಿಗೆ ಬಂದವ ಬೀಜಕ್ಕ ಬೆಂಕಿ ಹಚ್ಚಿದ."

"ನಿಮಗ ಗೊತ್ತಿದ್ದಿಲ್ಲ."

"ಬೆಂಕಿಗೂ ಗೊತ್ತಿದ್ದಿಲ್ಲ ಬಿಡ್ರಿ," ಎಂದು ಗೌಡ್ರು ಬೂದಿಯ ಕಡೆ ನೋಡಿದರು.

ರಾಶಿಯಲ್ಲಿ ಮೂರನೇ ಒಂದು ಪಾಲು ಹೊರಗೆ ಬಂದಿತ್ತು. ಸುಟ್ಟಿರಲಿಲ್ಲ, ಆದರೆ ಬೆಂಕಿಯ ಪಕ್ಕದಲ್ಲಿ ಇದ್ದದ್ದು. ಗಂಟು ಹಂಚಿನ ಮೇಲಿಟ್ಟ ಹಾಗೆ ಬಿಸಿಯಾಗಿ ಒಳಗಿನ ಹುಳು ಸತ್ತಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಲುಚಿಯಾ ಹೊಸ್ತಿಲ ಮೇಲೆ ಕೂತು ಟೊಂಗೆ ಮಡಿಲಲ್ಲಿಟ್ಟುಕೊಂಡು ಸಣ್ಣ ಚಾಕುವಿನಿಂದ ಗಂಟು ಕೊಯ್ದಳು. ನಾನು ಮಸೂರದಲ್ಲಿ ನೋಡಿದೆ. ಒಳಗೆ ಕಂದು ಚುಕ್ಕೆ, ಒಣಗಿದ್ದು. ಇನ್ನೊಂದು ಕೊಯ್ದಳು. ಅದೂ ಹಾಗೆಯೇ. ಬೇರೆ ಟೊಂಗೆ ತೆಗೆದಳು. ಪಿಯೆರೊ ಏನೋ ಹೇಳಿ ಆಕೆಯ ಭುಜ ಮುಟ್ಟಿದ. ಆಕೆ ಭುಜ ಕೊಡವಿದಳು. ಮತ್ತೊಂದು ಕೊಯ್ದಾಗ ಒಳಗೆ ಹಾಲುಬಿಳಿ ಹುಳು ಇತ್ತು. ಹುಲ್ಲುಕಡ್ಡಿಯಿಂದ ಮುಟ್ಟಿದೆ. ಹುಳು ಅಲುಗಲಿಲ್ಲ. ಕಡ್ಡಿ ತೆಗೆಯುವಷ್ಟರಲ್ಲಿ, ಯಾರೋ ನಿದ್ದೆಯಲ್ಲಿ ಎಬ್ಬಿಸಿದವರ ಮೇಲೆ ಬೇಸರಪಟ್ಟ ಹಾಗೆ, ಮೆಲ್ಲಗೆ ಮಗ್ಗುಲಾಯಿತು.

ಲುಚಿಯಾ ತಲೆಯೆತ್ತಿ ಕೂಗಿದಳು. "ಗೌಡಾ!"

ಗೌಡ್ರು ಬಂದರು. ಕೈಯಲ್ಲಿ ಮಸೂರ ಹಿಡಿಯಲು ಆಗುವಂತಿರಲಿಲ್ಲ, ನಾನೇ ಅವರ ಕಣ್ಣಿಗೆ ಹಿಡಿದೆ. ಬಗ್ಗಿ ನೋಡಿದರು.

"ಒಳ್ಳಾಡಾಕತ್ತೈತ್ರಿ," ಎಂದರು. "ಇನ್ನೊಂದು ಕೊಯ್ಯಾಕ ಹೇಳ್ರಿ. ಎಷ್ಟು ಉಳದಾವ ನೋಡೂಣು."

ನಾನು ಹೇಳಿದೆ. ಲುಚಿಯಾ ತಲೆಯಾಡಿಸಿ ಚಾಕು ಮಡಚಿದಳು. "ಕೊಯ್ದು ನೋಡಿದರೆ ಬದುಕಿದ್ದೂ ಸಾಯುತ್ತದೆ. ಒಂದು ಇದೆ. ಸಾಕು. ಉಳಿದದ್ದು ಏಪ್ರಿಲ್‌ನಲ್ಲಿ ತಾವೇ ಹೇಳಲಿ."

ಪಿಯೆರೊ ಟೊಂಗೆಗಳನ್ನು ಕಟ್ಟು ಕಟ್ಟತೊಡಗಿದ, ಬಂಡೆಯ ಮರೆಯ ಮರಗಳಿಗೆ ನೇತುಹಾಕಲು. ಲುಚಿಯಾ ಎದ್ದಳು. ಗೌಡ್ರು ಏಳಲಿಲ್ಲ. ಕೊಯ್ದ ಗಂಟು ಅವರ ಪಟ್ಟಿ ಸುತ್ತಿದ ಅಂಗೈಯಲ್ಲಿತ್ತು, ಎರಡು ಹೋಳಾಗಿ, ನಡುವೆ ಆ ಹುಳು. ಹೋಳುಗಳನ್ನು ಹೆಬ್ಬೆರಳಿನಿಂದ ನೂಕಿ ನೂಕಿ ಒಂದಕ್ಕೊಂದು ಕೂಡಿಸಿದರು. ಬಿಟ್ಟರೆ ಮತ್ತೆ ಬಾಯಿ ತೆರೆಯುತ್ತಿತ್ತು.

"ಅಕ್ಕಾರ, ದಾರ ಐತೇನು ಕೇಳ್ರಿ ಅವರನ್ನ."

"ಗೌಡ್ರ, ಗಾಳಿ ತಾಗಿತು ಅದಕ್ಕ. ಉಳಿಯೂದು ಕಷ್ಟ ರೀ."

"ನೀವು ಕೇಳ್ರಿ."

ಕೇಳಿದೆ. ಲುಚಿಯಾ ನನ್ನನ್ನು ನೋಡಿದಳು, ಅವರ ಅಂಗೈ ನೋಡಿದಳು, ಒಳಗೆ ಹೋಗಿ ಹೊಲಿಗೆಯ ಡಬ್ಬಿ ತಂದಳು. ಕೆಂಪು ದಾರ ಸಿಕ್ಕಿತು. ಗೌಡ್ರು ಗಂಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದರು, ಆಕೆ ಸುತ್ತಿದಳು. ಬಿಗಿಯಾಯಿತೇನೋ ಎಂದು ಒಮ್ಮೆ ಬಿಚ್ಚಿ ಮತ್ತೆ ಸಡಿಲವಾಗಿ ಸುತ್ತಿದಳು.